ಆಷಾಢದಲ್ಲಿ ಬಂದ ರಿಸಲ್ಟು

ಮದುವೆಯಾದ ಮೂರನೇ ದಿನ ನಾನು ಅರ್ಥಶಾಸ್ತ್ರದ ಪರೀಕ್ಷೆ ಬರೆದೆ. ಹೇಳಿದರೆ ಜನ ನಗುತ್ತಾರೆ. ನಗಲಿ. ಮದುವೆಗೆ ಹತ್ತು ದಿನ ಮುಂಚೆಯೇ ಮುಗಿಯಬೇಕಿದ್ದ ಪರೀಕ್ಷೆಯನ್ನು ಯೂನಿವರ್ಸಿಟಿಯವರು ಮುಂದಕ್ಕೆ ಹಾಕಿದ್ದರು. ಅರಸೀಕೆರೆಯ ಪರೀಕ್ಷಾ ಹಾಲಿನಲ್ಲಿ ಕೈತುಂಬ ಹಸಿರು ಬಳೆ ಹಾಕಿಕೊಂಡು ಕೂತಿದ್ದೆ. ಕೈ ಆಡಿಸಿದಾಗಲೆಲ್ಲ ಬಳೆ ಸದ್ದು ಮಾಡಿ, ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. "ಸ್ವಲ್ಪ ಮೆತ್ತಗೆ ಕಣಮ್ಮ" ಅಂತ ಮೇಡಂ ಬೇರೆ. ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಗೊತ್ತಿದ್ದ ಉತ್ತರವೇ ಅರ್ಧಕ್ಕೆ ನಿಂತುಹೋಯಿತು. ಕೊನೆಯ ಎರಡು ಪ್ರಶ್ನೆಗೆ ಏನು ಬರೆದೆನೋ ಇವತ್ತಿಗೂ ನೆನಪಿಲ್ಲ.

ನನ್ನ ಓದು ಪೂರ್ತಿ ಆ ಒಂದು ಪೇಪರಿನ ಮೇಲೆ ನಿಂತಿತ್ತು. ನನ್ನದು ಕಣಕಟ್ಟೆ ಪಕ್ಕದ ಹಳ್ಳಿ. ಅರಸೀಕೆರೆಯಲ್ಲಿ ಡಿಗ್ರಿ ಎರಡು ವರ್ಷ ಮುಗಿಯುತ್ತಾ ಬಂದಿತ್ತು, ಇನ್ನೊಂದು ವರ್ಷ ಬಾಕಿ. ಕೊಟ್ಟದ್ದು ಬೇಲೂರಿನ ಹತ್ತಿರದ ಮಾದಿಹಳ್ಳಿಗೆ. ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಗೊತ್ತಾದಾಗ ಅಪ್ಪ ಬೀಗರ ಮನೆಗೆ ಹೋಗಿ, ಮುಹೂರ್ತವನ್ನೂ ಒಂದು ವಾರ ಮುಂದಕ್ಕೆ ಹಾಕೋಣವೇ ಅಂತ ಕೈಮುಗಿದು ಕೇಳಿದ್ದ. ಮಾವ ಒಪ್ಪಲಿಲ್ಲ.

"ಮುಹೂರ್ತ ಅಲ್ಲಾಡ್ಸೋದ್ ಬ್ಯಾಡಿ. ಹುಡುಗಿ ಪರೀಕ್ಷೆ ಬರ್ಕಳ್ಳಿ, ಯಾರ್ ಬ್ಯಾಡ ಅಂದ್ರು? ಪಾಸಾದ್ರೆ ನಾನೇ ಬೇಲೂರಿನ ಕಾಲೇಜಿಗೆ ಸೇರುಸ್ತೀನಿ. ಬಸ್ಸೈತೆ, ದಿನಾ ಹೋಗ್ಬರ್ಲಿ. ಫೇಲಾದ್ರೆ ಮಾತ್ರ ಮನೇಲಿರ್ಲಿ" ಅಂದರಂತೆ. ಅಪ್ಪ ಮನೆಗೆ ಬಂದವನೇ, "ಎಂಥಾ ಮನುಷ್ಯ ಕಣೇ ನಿಮ್ಮಾವ, ಬಂಗಾರ" ಅಂದ. ನನಗೂ ಹಾಗೇ ಅನ್ನಿಸಿತು.

ಅದಾದ ಮೇಲೆ ಅಪ್ಪನೂ ನಾನೂ ಬೇಲೂರಿನ ಕಾಲೇಜಿಗೆ ವಿಚಾರಿಸಲು ಹೋದೆವು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಬೇರೆ ಕಾಲೇಜಿಂದ ಮಧ್ಯದಲ್ಲಿ ಬರೋರಿಗೆ ಉಳಿದ ಸೀಟು ಕೊಡೋದು. ರಿಸಲ್ಟ್ ಬರ್ಲಿ, ನೋಡೋಣ" ಅಂದರು. ಈ ನಮ್ಮ ‘ನೋಡೋಣ’ ಇದೆಯಲ್ಲ, ಅದರಷ್ಟು ಹಾಳು ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಹೂಂ ಅಂತಲೂ ಅಲ್ಲ, ಉಹೂಂ ಅಂತಲೂ ಅಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಬರೀ ಪಾಸಾದರೆ ಸಾಲದು, ಗ್ರೇಡೂ ಚೆನ್ನಾಗಿರಬೇಕು ಅಂತ ನಾನು ಅರ್ಥಮಾಡಿಕೊಂಡೆ. ಅಲ್ಲಿಂದ ಹಿಡಿಯಿತು ನೋಡಿ ನನಗೆ ಆ ಹುಳ.

ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸ್ತಿಲು ತುಳಿಯಬಾರದು ಅಂತ ನಮ್ಮಲ್ಲಿ ತವರಿಗೆ ಕಳಿಸಿಬಿಡುತ್ತಾರೆ. ಉಳಿದ ಹುಡುಗಿಯರಿಗೆ ಅದು ರಜೆ. ನನಗೆ ಸೆರೆಮನೆಯಾಯಿತು. ಬೆಳಗ್ಗೆ ಎದ್ದರೆ ಮೊಬೈಲು, ರಾಗಿ ಮುದ್ದೆ ಮುರಿಯುತ್ತಾ ಮೊಬೈಲು. "ಗಂಡನ್ ನೆಪ್ಪಾ ಏನೇ?" ಅಂತ ಅಜ್ಜಿ ಕಿಚಾಯಿಸುತ್ತಿದ್ದಳು. ಊಟ ಸೇರದೆ ತಟ್ಟೆ ತಳ್ಳಿದರೆ ಅವ್ವ ಬೇರೆಯೇ ಏನೋ ಊಹಿಸಿಕೊಂಡು ಒಳಗೊಳಗೇ ಖುಷಿಪಟ್ಟಳು. ಥೂ, ನನ್ನ ಹೊಟ್ಟೆಯೊಳಗೆ ಇದ್ದದ್ದು ಬರೀ ಅರ್ಥಶಾಸ್ತ್ರ ಅಂತ ಯಾರಿಗೆ ಹೇಳಲಿ? ‘ಡಿಗ್ರಿ ಮಾಡಿದವಳು’ ಅನ್ನಿಸಿಕೊಳ್ಳಬೇಕು ಅನ್ನುವ ಆಸೆ ನನಗೆ ಎಷ್ಟಿತ್ತು ಅಂದರೆ, ಅದನ್ನು ಬಾಯಿಬಿಟ್ಟು ಹೇಳೋಕೂ ನಾಚಿಕೆಯಾಗುತ್ತಿತ್ತು.

ರಿಸಲ್ಟು ಬಂದಾಗ ದನದ ಕೊಟ್ಟಿಗೆಯಲ್ಲಿದ್ದೆ, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿದ್ದದ್ದು. ಉಳಿದ ಪೇಪರೆಲ್ಲ ಚೆನ್ನಾಗಿದ್ದವು. ಅರ್ಥಶಾಸ್ತ್ರದ ಮುಂದೆ ‘ಸಿ’. ಪಾಸು, ಆದರೆ ಕೂದಲೆಳೆಯಲ್ಲಿ ಪಾಸು. ಬೇರೆಯವರಾಗಿದ್ದರೆ ಕುಣಿಯುತ್ತಿದ್ದರೋ ಏನೋ. ನಾನು ಕಂಬ ಹಿಡಿದುಕೊಂಡು ಕೂತುಬಿಟ್ಟೆ. ಈ ‘ಸಿ’ ನೋಡಿದ ಮೇಲೆ ಬೇಲೂರಿನವರು ನನ್ನನ್ನು ಒಳಗೆ ಬಿಡುತ್ತಾರಾ ಅನ್ನುವುದೊಂದೇ ಯೋಚನೆ.

ಅರಸೀಕೆರೆ ಕಾಲೇಜಿನಿಂದ ಟಿಸಿ ತೆಗೆಸಿದೆ. ಅರ್ಜಿ ತುಂಬಿ ಸಹಿ ಹಾಕಿದೆ. ಬೇಲೂರಿಗೆ ನಾನೇ ಹೋಗಬಹುದಿತ್ತು. ಅರಸೀಕೆರೆಯಲ್ಲಿ ಬಸ್ಸು ಹತ್ತಿದರೆ ಜಾವಗಲ್, ಹಳೇಬೀಡು ದಾಟಿ ಬೇಲೂರು, ಅದೇನು ಪರದೇಶವೇ? ಆದರೆ ದಾರಿ ಗಂಡನ ಊರಿನ ದಿಕ್ಕು, ತಿಂಗಳು ಆಷಾಢ. ಅವ್ವ ಬಾಯಿ ಬಡಿದುಕೊಂಡಳು. ನಿಜ ಹೇಳಲಾ? ಅವ್ವನದು ಒಂದು ನೆಪ. ಆ ‘ಸಿ’ ಹಿಡಿದುಕೊಂಡು ಆ ಗುಮಾಸ್ತರ ಮುಂದೆ ನಿಲ್ಲೋಕೆ ನನಗೇ ಮುಖವಿರಲಿಲ್ಲ. ಮಾವ ಕೊಬ್ಬರಿ ಮಾರೋಕೆ ಅರಸೀಕೆರೆಗೆ ಬಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಾಗದದ ಕವರು ಅವರ ಕೈಗೆ ಕೊಟ್ಟೆ.

"ನೀನ್ಯಾಕವ್ವ ಬತ್ತೀಯ ಈ ಆಷಾಡದಲ್ಲಿ? ನಾನ್ ಕೊಟ್ಬತ್ತೀನಿ ಬಿಡು" ಅಂದರು. ಅವರ ಕಾಲಿಗೆ ಬಿದ್ದೆ. ಸದ್ಯ, ಬದುಕಿದೆ ಅನ್ನಿಸಿತ್ತು.

ಐದಾರು ದಿನಕ್ಕೆ ಫೋನು ಬಂತು. "ಆಗ್ನಿಲ್ಲ ಕಣವ್ವ. ಆ ಅರ್ಥಶಾಸ್ತ್ರದ್ದು ನೋಡಿ ಬ್ಯಾಡ ಅಂದ್ಬುಟ್ರು. ಕೊನೇ ದಿನಾನೂ ಮುಗೀತು" ಅಂದರು ಮಾವ. ನಾನು ಏನು ಹೇಳಿದೆ ಗೊತ್ತೇ? "ತಪ್ಪಾಯ್ತು ಮಾವ, ನಿಮ್ಮನ್ನ ಸುಮ್ನೆ ಅಲೆಸಿಬಿಟ್ಟೆ" ಅಂದೆ. ಅವರೂ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡವ್ವ, ಹಣೇಲ್ ಬರ್ದಂಗಾಯ್ತದೆ" ಅಂದರು. ಟಿಸಿ ತೆಗೆಸಿದ್ದರಿಂದ ಅರಸೀಕೆರೆಯೂ ಕೈಬಿಟ್ಟಿತ್ತು. ಶ್ರಾವಣದಲ್ಲಿ ಮಾದಿಹಳ್ಳಿಗೆ ಹೋಗಿ ಹಾಲು ಕರೆಯೋಕೆ ಕೂತೆ. ಗಂಡನನ್ನು ಕೇಳಿದರೆ "ಅಪ್ಪ ಹೋಗ್ಬಂದ್ರಲ್ಲ" ಅನ್ನುತ್ತಿದ್ದರು. ನಾಲ್ಕು ವರ್ಷ, ಯಾರಾದರೂ "ಎಲ್ಲೀವರೆಗೆ ಓದಿದ್ದೀಯಮ್ಮ?" ಅಂದಾಗಲೆಲ್ಲ ಆ ‘ಸಿ’ಯನ್ನೇ ಬೈದುಕೊಂಡೆ, ನನ್ನನ್ನೇ ಬೈದುಕೊಂಡೆ. ಇನ್ನೊಂದು ಅರ್ಧ ಗಂಟೆ ಓದಿಕೊಂಡಿದ್ದರೆ, ಆ ಎರಡು ಪ್ರಶ್ನೆ ಸರಿಯಾಗಿ ಬರೆದಿದ್ದರೆ ಅಂತ.

ಹೋದ ವರ್ಷ ನಾದಿನಿಯನ್ನು ಅದೇ ಕಾಲೇಜಿಗೆ ಸೇರಿಸಬೇಕಾಗಿ ಬಂತು. ಪಿಯುಸಿಯಲ್ಲಿ ಅವಳದೂ ಕೂದಲೆಳೆಯ ಪಾಸೇ. ಅವಳು ಬಾಗಿಲಲ್ಲೇ ಹಿಂಜರಿಯುತ್ತಾ ನಿಂತದ್ದು ನೋಡಿ ಅದೇ ಗುಮಾಸ್ತರು ನಕ್ಕರು. "ಬಾಮ್ಮ, ಪಾಸಾಗಿದ್ದೀಯಲ್ಲ, ಇನ್ನೇನು? ನಮ್ಮಲ್ಲಿ ಸೀಟು ತುಂಬಿದ್ದು ಯಾವತ್ತು!"

ನನಗೆ ಉರಿದುಹೋಯಿತು. "ನನಗೆ ಮಾತ್ರ ಒಂದು ಸಿ ಗ್ರೇಡಿಗೆ ಇಲ್ಲ ಅಂದ್ರಲ್ಲ ಸಾರ್, ಮೂರನೇ ವರ್ಷಕ್ಕೆ ಬರ್ತೀನಿ ಅಂದಿದ್ದಕ್ಕೆ" ಅಂದೆ. ಅವರು ನಂಬಲಿಲ್ಲ. ಇಸವಿ ಕೇಳಿ, ಅರ್ಜಿಗಳ ರಿಜಿಸ್ಟರು ತೆಗೆದು, ಬೆರಳಿಟ್ಟು ಸಾಲುಸಾಲಾಗಿ ನೋಡಿದರು. "ಆ ವರ್ಷ ಹೊರಗಿಂದ ಇಬ್ಬರು ಬಂದಿದ್ದಾರೆ, ಇಬ್ಬರಿಗೂ ಸಿಕ್ಕಿದೆ. ನಿಮ್ಮ ಅರ್ಜಿನೇ ಬಂದಿಲ್ವಲ್ಲಮ್ಮ" ಅಂದರು. ನಾದಿನಿ ನನ್ನ ಮುಖ ನೋಡಿದಳು.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ: "ಮಾವ, ನನ್ನ ಅರ್ಜಿ ಅವತ್ತು ಕಾಲೇಜಿಗೆ ಕೊಟ್ರಾ?"

ಮಾವ ಲೋಟದೊಳಗೆ ನೋಡಿಕೊಂಡು ಕೂತರು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಹಳೇದನ್ನೆಲ್ಲ ಯಾಕೇ ಕೆದಕ್ತೀಯ? ಮದ್ವೆಯಾಗಿ ಮೂರ್ ದಿನಕ್ಕೆ ಪರೀಕ್ಷೆಗ್ ಕುಂತೋಳು ಪಾಸಾಯ್ತಾಳೆ ಅಂತ ಯಾರ್ ಕಂಡಿದ್ರು? ಫೇಲಾಯ್ತಾಳೆ ಅಂತ್ಲೇ ಅಲ್ವಾ ನಿಮ್ಮಾವ ಅವತ್ತು ಹೂಂ ಅಂದಿದ್ದು."

ಮಾವ ಲೋಟ ಕೆಳಗಿಟ್ಟು ಹಿತ್ತಿಲ ಕಡೆ ಎದ್ದು ಹೋದರು. ಪಾಪ, ಅವರು ಮಾತು ಕೊಟ್ಟದ್ದೇ ನಾನು ಫೇಲಾಗುತ್ತೇನೆ ಅನ್ನುವ ನಂಬಿಕೆಯ ಮೇಲೆ. ನಾನು ಪಾಸಾಗಿಬಿಟ್ಟಿದ್ದೆ.