ಬಾಗಿಲ ಹಿಂದೆ ಹಚ್ಚಿದ ನೋಟಿಸು

ಸಭೆ ಯಾವ ದಿನವೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಗಂಗಕ್ಕನಿಗೆ ಸುಳ್ಳು ಹೇಳಿದೆ. ಇಷ್ಟು ವರ್ಷ ಇದನ್ನು ಗಂಡನ ಮುಂದೆ ಕೂಡ ಬಾಯಿಬಿಟ್ಟಿರಲಿಲ್ಲ.

ಎಂಬತ್ತರ ದಶಕದ ಕೊನೆ. ಕಲಬುರಗಿಯವಳಾದ ನಾನು ನಾಸಿಕದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಗಂಡನಿಗೆ ಔರಂಗಾಬಾದಿನ ಹತ್ತಿರದ ವಾಳೂಜ್‌ನ ಕಾರ್ಖಾನೆಯಲ್ಲಿ ಕೆಲಸ. ಔರಂಗಾಬಾದಿಗೆ ವರ್ಗ ಕೇಳಿದ್ದ ನನ್ನ ಅರ್ಜಿ ಎರಡು ವರ್ಷದಿಂದ ಸಾಹೇಬರ ಬಳಿ ಬಿದ್ದಿತ್ತು.

ಪಕ್ಕದ ಮನೆಯ ಗಂಗಕ್ಕ ಬೀಡಿ ಕಟ್ಟುವವಳು, ಭಾಲ್ಕಿ ಕಡೆಯವಳು. ನಾನು ಕಚೇರಿಯಿಂದ ಬರುವತನಕ ನನ್ನ ಪುಟ್ಟ ಮಗಳು ಅವಳ ಹತ್ತಿರವೇ. ತೊಡೆಯ ಮೇಲೆ ಮೊರವಿಟ್ಟು ಎಲೆ ಸುತ್ತುತ್ತ, ನಡುನಡುವೆ ಕೆಮ್ಮುತ್ತ, ಮಗುವಿಗೆ ಕತೆ ಹೇಳುತ್ತಿದ್ದಳು.

ಬೀಡಿ ಕಟ್ಟುವವರಿಗೆ ದವಾಖಾನೆ ಎಲ್ಲಿ ಬೇಕೆಂದು ಸಲಹೆ ಕೊಡುವ ಸಮಿತಿ ನಮ್ಮ ಕಚೇರಿಯಲ್ಲಿ ಸೇರುವುದಿತ್ತು. ಎಂಟು ದಿನ ಮೊದಲು ನೋಟಿಸು ಹಚ್ಚಬೇಕು, ಯಾರು ಬೇಕಾದರೂ ಬಂದು ಮಾತಾಡಬಹುದು — ಇದು ನಿಯಮ. ಗಂಗಕ್ಕನಿಗೆ ಅದನ್ನು ತಿಳಿಸಿದವಳೂ ನಾನೇ. ನಮ್ಮ ಓಣಿಯಲ್ಲೇ ದವಾಖಾನೆ ಕೇಳಬೇಕೆಂದು ಅವಳು ಮನೆ ಮನೆ ತಿರುಗಿ ಹೆಂಗಸರನ್ನು ಒಪ್ಪಿಸಿದ್ದಳು. ಆದರೆ ಜಾಗ ಆಗಲೇ ನಿಶ್ಚಯವಾಗಿತ್ತು — ಊರಾಚೆ, ಸಮಿತಿಯ ಸದಸ್ಯರೊಬ್ಬರ ಗೋದಾಮಿನ ಪಕ್ಕ.

"ಹಚ್ಚಿದ್ದಾರೆ ಅಂತಾದರೆ ಸಾಕು, ಬಾಯಿಯವರೇ. ಎಲ್ಲರೂ ಓದಬೇಕಂತಿಲ್ಲ," ಎಂದು ಸಾಹೇಬರು ಮರಾಠಿಯಲ್ಲಿ ಹೇಳಿ ನೋಟಿಸು ಕೊಟ್ಟರು. ನನ್ನ ಅರ್ಜಿಯನ್ನು ಕಡತದಿಂದ ತೆಗೆದು ಎದುರಿಗಿಟ್ಟುಕೊಂಡರು. ಅಷ್ಟೇ. ಬೆದರಿಸಲಿಲ್ಲ. ಬಾಗಿಲು ತೆರೆದಾಗ ಮರೆಯಾಗುವ ಗೋಡೆಯನ್ನು ಹುಡುಕಿ ಅಲ್ಲಿ ಹಚ್ಚಿದ್ದು ನಾನೇ.

ಅವತ್ತು ಸಂಜೆ ಗಂಗಕ್ಕ ಕೇಳಿದಳು. "ತಾರೀಖ ಬಂತೇನ್ರಿ ಅಕ್ಕಾರ?"

"ಇನ್ನಾ ಬಂದಿಲ್ಲ, ಗಂಗಕ್ಕ."

"ಬಂದ್ರ ಹೇಳ್ರಿ. ನಮ್ಮ ಅಕ್ಕಾರ ಅಲ್ಲೇ ಅದಾರ, ತಪ್ಪಂಗಿಲ್ಲ ಅಂತ ಮಂದಿಗಿ ಹೇಳೀನಿ."

ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. 'ಸಾರ್ವಜನಿಕರು ಯಾರೂ ಹಾಜರಿರಲಿಲ್ಲ, ಆಕ್ಷೇಪಣೆ ಬಂದಿಲ್ಲ' ಎಂದು ನಡಾವಳಿ ಬರೆದವಳೂ ನಾನು.

ವಿಷಯ ತಿಳಿದು ಗಂಗಕ್ಕ ಮನೆಗೆ ಬಂದಳು. ಬೈಯಲಿ ಎಂದು ಕಾದೆ. ಅವಳು ನನ್ನ ಪಕ್ಕ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. "ನಿಮಗೂ ಮುಚ್ಚಿಟ್ರಲ್ರೀ ಅಕ್ಕಾರ. ನೀವ್ ಮನಸಿಗಿ ಹಚ್ಕೋಬ್ಯಾಡ್ರಿ."

ಆಗಲಾದರೂ ಹೇಳಬಹುದಿತ್ತು. ನಾನು ಅತ್ತುಬಿಟ್ಟೆ. ಅವಳು ನನ್ನನ್ನು ಸಮಾಧಾನ ಮಾಡಿದಳು — ಅದನ್ನೂ ಮಾಡಿಸಿಕೊಂಡೆ.

ತಿಂಗಳೊಳಗೆ ವರ್ಗವಾಯಿತು. ಗಂಗಕ್ಕ ನನ್ನ ಮಗಳನ್ನು ಎತ್ತಿಕೊಂಡು ಬಸ್ ನಿಲ್ದಾಣದವರೆಗೂ ಬಂದಳು.

ಆ ದವಾಖಾನೆಗೆ ಎರಡು ಬಸ್ಸು ಬದಲಿಸಬೇಕು. ಹೋದರೆ ಆ ದಿನದ ಕೆಲಸ ಹೋಯಿತು. ಗಂಗಕ್ಕ ಎರಡು ಸಲ ಹೋಗಿ, ಆಮೇಲೆ ಹೋಗುವುದನ್ನೇ ಬಿಟ್ಟಳಂತೆ. ಮೂರನೆಯ ವರ್ಷ ಕೆಮ್ಮಿನಲ್ಲೇ ತೀರಿಕೊಂಡಳೆಂದು ಅವಳ ಮಗಳು ಲಕ್ಷ್ಮಿಯ ಪತ್ರ ಬಂತು. ದವಾಖಾನೆ ಓಣಿಯಲ್ಲಿದ್ದರೆ ಉಳಿಯುತ್ತಿದ್ದಳೇ — ಗೊತ್ತಿಲ್ಲ. ಆ ಗೊತ್ತಿಲ್ಲದ ಮಾತಿನ ಮರೆಯಲ್ಲಿ ನಾನು ಬಹಳ ಕಾಲ ಅಡಗಿದ್ದೆ.

ಕಳೆದ ತಿಂಗಳು ನಾಸಿಕಕ್ಕೆ ಹೋಗಿ ಲಕ್ಷ್ಮಿಯ ಎದುರು ಎಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿ ಅವಳು ಎದ್ದು ನಿಂತಳು.

"ಇದು ಅವ್ವಗ ಹೇಳಬೇಕಿತ್ರಿ," ಎಂದಳು. ಒಳಗೆ ಹೋದಳು.