ಒಂದೇ ಕಡೆ ಬತ್ತಿದ ಹಾಲು

ಸೋಲಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು ನಾನು. ಸ್ತನಗ್ರಂಥಿಯ ಸ್ಲೈಡನ್ನು ಪ್ರತಿ ವರ್ಷ ಮರಾಠಿಯಲ್ಲಿ ವಿವರಿಸಿ, ಇದು ಪರೀಕ್ಷೆಗೆ ಬರುತ್ತದೆ ನೋಡಿ ಎಂದು ಹೆದರಿಸಿ ಮುಂದಕ್ಕೆ ಹೋಗುತ್ತಿದ್ದೆ. ಅದರಲ್ಲಿ ಬೆರಗಾಗುವಂಥದ್ದು ಇದೆ ಎಂದು ಗೊತ್ತಾದದ್ದು ಮೈಂದರ್ಗಿಯ ಅವ್ವನ ಮನೆಯಲ್ಲಿ, ತಂಗಿಯ ಬಾಣಂತನದಲ್ಲಿ.

ಹೆರಿಗೆಯಾಗಿ ತಿಂಗಳು ತುಂಬುವುದರೊಳಗೆ ತಂಗಿಗೆ ಟೈಫಾಯ್ಡ್ ಆಯಿತು. ಅವಳನ್ನು ಸೋಲಾಪುರದ ಆಸ್ಪತ್ರೆಗೆ ಸೇರಿಸಿದೆವು. ಕೂಸು ಅವ್ವನ ಹತ್ತಿರ ಉಳಿಯಿತು. ಬಾಟಲಿ ಹಾಲು ಅದಕ್ಕೆ ಒಗ್ಗಲಿಲ್ಲ. ಕುಡಿದದ್ದನ್ನೆಲ್ಲ ಕಕ್ಕಿ ದಿನದಿಂದ ದಿನಕ್ಕೆ ಸೊರಗಿತು. ತಾಯಿಯ ಹಾಲು ಬತ್ತಬಾರದು, ಅದೊಂದೇ ನಮ್ಮ ಚಿಂತೆ. ದಿನಾ ಹಿಂಡಿ ಚೆಲ್ಲು ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಅವಳು ಹೂಂ ಅನ್ನುತ್ತಿದ್ದಳು. ಆದರೆ ಬಲಗಡೆಯ ತೊಟ್ಟು ಬಿರಿದು, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಹಾಗಾಗಿ ಎಡಗಡೆಯದನ್ನು ಮಾತ್ರ ಹಿಂಡುತ್ತಿದ್ದಳು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಬಂದವಳೇ ಕೂಸನ್ನು ಎದೆಗೆ ಹಚ್ಚಿದಳು. ಬಲಗಡೆ ಎಷ್ಟು ಚೀಪಿದರೂ ಏನೂ ಬರಲಿಲ್ಲ, ಕೂಸು ಕಿರುಚಿತು. ಎಡಕ್ಕೆ ಬದಲಿಸಿದಳು. ಆಮೇಲೆ ಗುಟುಕು ನುಂಗುವ ಸದ್ದು ಕೇಳಿತು. ಅವ್ವ, ಕುರಿ ಕಾಯುವ ನಮ್ಮವರ ದೇವರು ಬೀರೋಬಾನ ಭಂಡಾರದ ಅರಿಶಿನ ತಂದು ತಾಯಿ-ಕೂಸು ಇಬ್ಬರ ಹಣೆಗೂ ಹಚ್ಚಿದಳು. ಕೂಸು ಚೇತರಿಸಿಕೊಂಡಿತು. ಬಲಗಡೆ ಮಾತ್ರ, ವಾರಗಟ್ಟಲೆ ಕುಡಿಸಲು ನೋಡಿದರೂ, ಹಾಲು ಮರಳಲಿಲ್ಲ.

ನಾನು ಬೆಕ್ಕಸ ಬೆರಗಾದೆ. ಎರಡೂ ಕಡೆ ಹರಿಯುವುದು ಒಂದೇ ರಕ್ತ, ಕಾಡಿದ್ದು ಒಂದೇ ಜ್ವರ. ಆದರೂ ಪ್ರತಿ ಮೊಲೆ ತನ್ನ ತೀರ್ಮಾನವನ್ನು ತಾನೇ ತೆಗೆದುಕೊಂಡಿತ್ತು. ಹಾಲು ಒಳಗೇ ನಿಂತರೆ ಹಾಲು ಮಾಡುವ ಜೀವಕೋಶಗಳು ಒಂದೊಂದಾಗಿ ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ. ಕೀವಿಲ್ಲ, ಗಾಯವಿಲ್ಲ, ಸತ್ತವನ್ನು ಪಕ್ಕದ ಕೋಶಗಳೇ ನುಂಗಿ ಚೊಕ್ಕಟ ಮಾಡುತ್ತವೆ. ಆಗಲೂ ಮೊಲೆ ಸ್ವಲ್ಪ ಕಾಲ ಕಾಯುವುದುಂಟು. ಕೂಸು ಬಂದು ಚೀಪಿದರೆ ಸಾವು ನಿಲ್ಲುತ್ತದೆ. ಬರದಿದ್ದರೆ ಕೋಶಗಳ ಸುತ್ತಲಿನ ಆಸರೆಯೇ ಕರಗತೊಡಗುತ್ತದೆ, ನಮ್ಮವರು ಬೇರೆ ಕಡೆ ಹೊರಟು ಕುರಿಹಟ್ಟಿ ಎತ್ತುವಾಗ ಗೂಟ, ಬಲೆ ಕಿತ್ತ ಹಾಗೆ. ಹಿಡಿದು ನಿಲ್ಲಲು ಏನೂ ಇಲ್ಲದೆ ಉಳಿದ ಕೋಶಗಳೂ ಸಾಯುತ್ತವೆ, ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಮುಂದಿನ ಬಸಿರಿನಲ್ಲಿ ಮತ್ತೆ ಹೊಸದಾಗಿ ಕಟ್ಟಬೇಕು. ಇಷ್ಟು ದೊಡ್ಡ ಕೆಲಸ ಹೆಂಗಸರ ಮೈಯೊಳಗೆ ಸದ್ದಿಲ್ಲದೆ ನಡೆಯುತ್ತದೆ ಎಂದು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಇದನ್ನೆಲ್ಲ ತಂಗಿಗೆ ಹುರುಪಿನಿಂದ ಹೇಳಿದೆ, ಪಾಠ ಮಾಡುವ ಚಟ ಬಿಡಬೇಕಲ್ಲ. ಅವಳು ಪೂರ್ತಿ ಕೇಳಿ, ಸೆರಗಿನ ಮೇಲಿಂದ ಬಲಗಡೆ ಕೈಯಿಟ್ಟುಕೊಂಡಳು.

“ಹಂಗಾರ ಅಕ್ಕಾ, ಕೂಸು ಹೋತು ಅಂತ ತಿಳ್ಕೊಂಡದೇನ ಇದು?”

ತಿಳಿಯಲು ಅದಕ್ಕೆ ಮನಸ್ಸೆಲ್ಲಿದೆ ಎಂದು ತರಗತಿಯಲ್ಲಾದರೆ ಹೇಳುತ್ತಿದ್ದೆ. ಅವಳ ಮುಖ ನೋಡಿ ಹೌದು ಎಂದೆ.

ತಂಗಿ ಎಡಗಡೆ ಕುಡಿದು ನಿದ್ದೆಹೋಗಿದ್ದ ಕೂಸನ್ನು ಎತ್ತಿ, ಅದರ ಕೆನ್ನೆಯನ್ನು ಬತ್ತಿದ ಕಡೆಗೆ ಒತ್ತಿ ಹಿಡಿದಳು. ತಗ್ಗಿದ ದನಿಯಲ್ಲಿ ತನ್ನ ಎದೆಗೇ ಹೇಳಿದಳು, “ಅದ. ನೋಡು, ಇಲ್ಲೇ ಅದ.”