ಅಂಜನ ನೋಡುವವನು ಏಳಬಹುದೇ?

ಗುಂಡ್ಲುಪೇಟೆಯಲ್ಲಿ ಕೆಲಸಕ್ಕಿದ್ದಾಗ ಭಾನುವಾರದ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯಲ್ಲಿ ಮೂವರು ಸೇರುತ್ತಿದ್ದೆವು. ಕಾಲೇಜಿನ ಗೆಳೆತನ. ಕುದೇರಿನವಳು ಶಾಲೆಯಲ್ಲಿ ಟೀಚರ್, ಉಮ್ಮತ್ತೂರಿನವನು ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಚಾಪೆಯ ಮೇಲೆ ತೆಂಗಿನೆಣ್ಣೆಯಲ್ಲಿ ಕರಿದ ನೇಂದ್ರ ಬಾಳೆಯ ಚಿಪ್ಸ್, ಇಪ್ಪತ್ತು ಮುಖದ ದಾಳ. ಅವಳು ಕತೆ ನಡೆಸುವಳು. ನಾವಿಬ್ಬರು ಅದರೊಳಗಿನ ಪಾತ್ರಗಳಾಗಿ, ಏನು ಮಾಡುತ್ತೇವೆಂದು ಹೇಳಿ ದಾಳ ಹಾಕುವೆವು. ಆಟದ ಪುಸ್ತಕ ಈಗ ನನ್ನಲ್ಲಿದೆ. ತೆರೆದರೆ ಇನ್ನೂ ಆ ಎಣ್ಣೆಯ ವಾಸನೆ.

ಅದರಲ್ಲಿ ದೂರದವರನ್ನು ಕನ್ನಡಿಯಲ್ಲಿ ನೋಡುವ ಮಂತ್ರವೊಂದಿತ್ತು. ನಾವು ಅದನ್ನು ಅಂಜನ ಎನ್ನುತ್ತಿದ್ದೆವು. ಕಳೆದುಹೋದ ಎಮ್ಮೆಗಾಗಿ ಉಮ್ಮತ್ತೂರಿನವನ ಅಜ್ಜಿ ವೀಳ್ಯದೆಲೆಗೆ ಕಪ್ಪು ಹಚ್ಚಿಸಿ ನೋಡಿಸಿದ್ದರಂತೆ. ಎಲೆಯಲ್ಲಿ ಎಮ್ಮೆಯೊಂದೇ ಅಲ್ಲ, ಸುತ್ತಲ ಊರೆಲ್ಲ ಕಂಡಿತ್ತು, ಕನ್ನಡಿಯಲ್ಲೂ ಹಾಗೇ ಕಾಣಬೇಕೆಂದು ಹಟ ಹಿಡಿದು ಅವನು ಆಟದ ನಿಯಮ ಬದಲಿಸಿದ. ಅಲ್ಲಿಗೆ ಆಟ ಸಪ್ಪೆಯಾಯಿತು. ಎಲ್ಲ ಮೊದಲೇ ಕಂಡರೆ ಹೆದರುವುದೇತಕ್ಕೆ?

ಆ ನಡುವೆ ಒಂದು ಬೆಳಿಗ್ಗೆ, ಬಂಡೀಪುರದ ರಸ್ತೆಯಲ್ಲಿ ಅವನ ಬೈಕು ಮುಂದೆ, ನನ್ನದು ಹಿಂದೆ. ದಿಬ್ಬದ ಮೇಲಿದ್ದ ನನಗೆ ಲಂಟಾನದ ಪೊದೆಯ ಮರೆಯಲ್ಲಿದ್ದ ಆನೆ ಕಂಡಿತು. ತಗ್ಗಿನಲ್ಲಿದ್ದ ಅವನಿಗೆ ಕಾಣಲಿಲ್ಲ. ನನ್ನ ಹೆಬ್ಬೆರಳು ಹಾರ್ನಿನ ಮೇಲೇ ಇತ್ತು. ಒತ್ತಲಿಲ್ಲ. ಆನೆ ನುಗ್ಗಿತು, ಅವನು ಬೈಕು ಬಿಟ್ಟು ಮೋರಿಯೊಳಕ್ಕೆ ಉರುಳಿದ. ಅದು ಬೈಕನ್ನು ತುಳಿದು ಕಾಡಿಗೆ ತಿರುಗಿತು. ಅವನ ಭುಜದ ಮೂಳೆ ಮುರಿದಿತ್ತು. ಈಗಲೂ ನೆನೆದರೆ ಆ ಹೆಬ್ಬೆರಳು ಮರಗಟ್ಟುತ್ತದೆ. ನಾನೂ ಆನೆಯನ್ನು ನೋಡಿರಲಿಲ್ಲವೆಂದು ಅವನು ತಿಳಿದಿದ್ದ. ಹಾಗೆಯೇ ತಿಳಿಯಲಿ ಎಂದು ಬಿಟ್ಟಿದ್ದೆ.

ಕೈಯನ್ನು ಕುತ್ತಿಗೆಯ ಪಟ್ಟಿಗೆ ತೂಗುಹಾಕಿಕೊಂಡೇ ಅವನು ಆಟಕ್ಕೆ ಬಂದ. ಅವತ್ತು ಅವಳು ಅಂಜನಕ್ಕೆ ಕಡಿವಾಣ ಹಾಕಲು ಹೊರಟಳು: ನೋಡುತ್ತಿರುವಷ್ಟು ಹೊತ್ತೂ ನೋಡುವವನು ಅಲುಗುವಂತಿಲ್ಲ, ಕೂಗುವಂತಿಲ್ಲ.

"ಜೊತೇಲಿರೋನು ಸಾಯ್ತಾವ್ನೆ ಅಂತ ಕಂಡ್ರೂವಾ? ಯಾವೋನು ಅಂಗೆ ಸುಮ್ಕೆ ಕೂತಿರ್ತಾನೆ ಕಣಮ್ಮಿ?" ಎಂದು ಅವನು ನಕ್ಕ.

"ನಾನು ಕೂತಿದ್ದೆ," ಎಂದೆ. ಎಲ್ಲ ಹೇಳಿದೆ, ಹೆಬ್ಬೆರಳಿನದೂ.

ಅವನು ಚಾಪೆಯ ಮೇಲಿದ್ದ ದಾಳ ಎತ್ತಿಕೊಂಡ. ಆಮೇಲೆ ಅವಳ ಕಡೆ ತಿರುಗಿ, ನೋಡುವವನನ್ನು ಪೂರ್ತಿ ಕಟ್ಟಿಹಾಕುವುದು ಬೇಡ, ಪ್ರತಿ ಸುತ್ತಿಗೂ ಒಂದು ಸಲ ದಾಳ ಹಾಕಲಿ, ಹತ್ತು ದಾಟಿದರೆ ಏಳಲಿ ಎಂದ. ಅವಳು ಬರೆದುಕೊಂಡಳು.

ದಾಳವನ್ನು ನನ್ನತ್ತ ಉರುಳಿಸಿದ. ಹಾಕಿದೆ. ನಾಲ್ಕು ಬಿತ್ತು.

"ಇನ್ನೊಂದು ಸಲ ಹಾಕು ಕಣ್ಲಾ," ಎಂದ.